ಎಮಾನುಯೆಲ್ ಲಾಸ್ಕರ್ ಅವರ ಇನ್ನೂರು ಗಂಟೆಗಳು

ಎಮಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ, ಅಂದರೆ 27 ವರ್ಷಗಳ ಕಾಲ, ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದರು. ಅಷ್ಟು ದೀರ್ಘಕಾಲ ಆ ಪಟ್ಟವನ್ನು ಬೇರೆ ಯಾರೂ ಸತತವಾಗಿ ಉಳಿಸಿಕೊಂಡಿಲ್ಲ. ಶಿಕ್ಷಕರಾಗಲಿರುವ ನಮಗೆ ಅವರು ಇನ್ನೊಂದು ಕಾರಣಕ್ಕೂ ಮುಖ್ಯರು. ಆಟವೇ ತಿಳಿಯದ ಒಬ್ಬನಿಗೆ ಅದನ್ನು ಕಲಿಸಲು ಎಷ್ಟು ಹೊತ್ತು ಬೇಕು, ಆ ಹೊತ್ತನ್ನು ಹೇಗೆ ಹಂಚಬೇಕು ಎಂದು ಅವರು ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ.

ಲಾಸ್ಕರ್ ಜನಿಸಿದ್ದು 1868ರ ಡಿಸೆಂಬರ್ 24ರಂದು, ಅಂದಿನ ಪ್ರಷ್ಯದ ಬರ್ಲಿನ್ಶೆನ್ ಎಂಬ ಸಣ್ಣ ಊರಿನಲ್ಲಿ. ಆ ಊರು ಈಗ ಪೋಲೆಂಡಿಗೆ ಸೇರಿದೆ. ತಂದೆ ಯೆಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡುವವರು. ಹನ್ನೊಂದನೆಯ ವಯಸ್ಸಿನಲ್ಲಿ ಓದಿಗಾಗಿ ಬಾಲಕನನ್ನು ಬರ್ಲಿನ್ ನಗರಕ್ಕೆ, ಅಣ್ಣ ಬೆರ್ತೋಲ್ಡ್ ಬಳಿಗೆ ಕಳುಹಿಸಿದರು. ಚದುರಂಗದಲ್ಲಿ ಅಣ್ಣನೇ ಮೊದಲ ಗುರು. ಮುಂದೆ ಲಾಸ್ಕರ್ ಕಾಫಿಮನೆಗಳಲ್ಲಿ ಸಣ್ಣ ಪಣಕ್ಕೆ ಆಡಿ ಕೈಖರ್ಚಿಗೆ ಸಂಪಾದಿಸಿಕೊಂಡರು.

1889ರಲ್ಲಿ ಬ್ರೆಸ್ಲೌ ನಗರದ ಪಂದ್ಯಾವಳಿಯಲ್ಲಿ ಗೆದ್ದು ಅವರು ಮಾಸ್ಟರ್ ಎನಿಸಿಕೊಂಡರು. ಅದೇ ವರ್ಷ ಆಂಸ್ಟರ್‌ಡ್ಯಾಮಿನಲ್ಲಿ ಬೌವರ್ ಎಂಬ ಆಟಗಾರನ ಎದುರು ಒಂದರ ಹಿಂದೊಂದು ಎರಡು ಒಂಟೆಗಳನ್ನು ಬಲಿಕೊಟ್ಟು, ಎದುರಾಳಿಯ ರಾಜನ ರಕ್ಷಣೆಯನ್ನು ಒಡೆದು ಗೆದ್ದರು. ಆ ಆಟ ಇಂದಿಗೂ ಪಠ್ಯಗಳಲ್ಲಿ ಮಾದರಿಯಾಗಿ ಉಳಿದಿದೆ. 1894ರಲ್ಲಿ ತಮಗಿಂತ 32 ವರ್ಷ ಹಿರಿಯರಾದ ವಿಲ್ಹೆಲ್ಮ್ ಸ್ಟೈನಿಟ್ಜ್ ಅವರನ್ನು 10 ಆಟಗಳಲ್ಲಿ ಸೋಲಿಸಿ ವಿಶ್ವ ಪಟ್ಟಕ್ಕೇರಿದರು. 5 ಆಟಗಳಲ್ಲಿ ಸೋತರು, 4 ಆಟಗಳು ಡ್ರಾ ಆದವು.

ಮರುವರ್ಷ ಲಂಡನ್ನಿನಲ್ಲಿ ಅವರು ನೀಡಿದ ಉಪನ್ಯಾಸಗಳು ಪುಸ್ತಕವಾಗಿ ಬಂದವು. ಅಲ್ಲಿ ಆರಂಭದ ನಡೆಗಳ ಬಗ್ಗೆ ಅವರು ಹೇಳಿದ ಸೂತ್ರಗಳು ನಾಲ್ಕೇ. ರಾಜ ಮತ್ತು ಮಂತ್ರಿಯ ಮುಂದಿನ ಕಾಲಾಳುಗಳನ್ನು ಬಿಟ್ಟು ಬೇರೆ ಕಾಲಾಳುಗಳನ್ನು ಸರಿಸಬಾರದು. ಒಂದೇ ಕಾಯಿಯನ್ನು ಎರಡು ಸಲ ನಡೆಸದೆ ಮೊದಲ ಸಲವೇ ತಕ್ಕ ಮನೆಯಲ್ಲಿ ಇಡಬೇಕು. ಒಂಟೆಗಳಿಗಿಂತ ಮೊದಲು ಕುದುರೆಗಳನ್ನು ಹೊರತರಬೇಕು. ಎದುರಾಳಿ ಕ್ಯಾಸ್ಲಿಂಗ್ ಮಾಡುವ ಮೊದಲೇ ಅವನ ರಾಜನ ಬದಿಯ ಕುದುರೆಯನ್ನು ಒಂಟೆಯಿಂದ ಕಟ್ಟಿಹಾಕಲು ಹೋಗಬಾರದು. ಹತ್ತಾರು ಪುಟಗಳ ನಡೆಗಳನ್ನು ಬಾಯಿಪಾಠ ಮಾಡಿಸುವ ಬದಲು, ಹೊಸಬನು ತಾನೇ ಅನ್ವಯಿಸಬಲ್ಲ ಸೂತ್ರಗಳನ್ನು ಅವರು ಕೊಟ್ಟರು.

ಲಾಸ್ಕರ್ ಗಣಿತಜ್ಞರೂ ಆಗಿದ್ದರು. ಎರ್ಲಾಂಗೆನ್ ವಿಶ್ವವಿದ್ಯಾಲಯದಿಂದ 1900ರಲ್ಲಿ ಡಾಕ್ಟರೇಟ್ ಪಡೆದರು. 1905ರಲ್ಲಿ ಅವರು ಪ್ರಕಟಿಸಿದ ಬೀಜಗಣಿತದ ಪ್ರಮೇಯಕ್ಕೆ ಇಂದಿಗೂ ಅವರ ಹೆಸರಿದೆ. ಆದರೆ ಕೆಲಕಾಲ ಗಣಿತ ಬೋಧಿಸಿದರೂ ವಿಶ್ವವಿದ್ಯಾಲಯದಲ್ಲಿ ಖಾಯಂ ಹುದ್ದೆ ಅವರಿಗೆ ದೊರೆಯಲಿಲ್ಲ.

1921ರಲ್ಲಿ ಹವಾನಾದಲ್ಲಿ ಕ್ಯಾಪಬ್ಲಾಂಕ ಅವರ ಎದುರು ಒಂದು ಆಟವನ್ನೂ ಗೆಲ್ಲಲಾಗದೆ ಪಟ್ಟ ಕಳೆದುಕೊಂಡರು. ಮೂರು ವರ್ಷಗಳ ನಂತರ, 55ರ ವಯಸ್ಸಿನಲ್ಲಿ, ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ಅದೇ ಕ್ಯಾಪಬ್ಲಾಂಕ ಅವರನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆದರು. ಇದಾದ ಮೇಲೆ ಅವರು ಬರೆದ ಚದುರಂಗದ ಕೈಪಿಡಿಯ ಕೊನೆಯಲ್ಲಿ ಶಿಕ್ಷಣದ ಕುರಿತ ಒಂದು ಭಾಗವಿದೆ.

ಅಲ್ಲಿ ಅವರು ಒಬ್ಬ ಒಳ್ಳೆಯ ಗುರುವನ್ನೂ ಆಟ ತಿಳಿಯದ ಒಬ್ಬ ಯುವಕನನ್ನೂ ಕಲ್ಪಿಸಿಕೊಳ್ಳುತ್ತಾರೆ. ಎಂಥ ಪ್ರಬಲ ಆಟಗಾರನಾದರೂ ಕಾಯಿ ಬಿಟ್ಟುಕೊಟ್ಟು ಆಡಿದರೆ ಈ ಶಿಷ್ಯನ ಎದುರು ಸೋಲಬೇಕು, ಅದು ಗುರಿ. ಅದಕ್ಕೆ ಬೇಕಾದದ್ದು 200 ಗಂಟೆ. ನಿಯಮಗಳು ಮತ್ತು ಅಭ್ಯಾಸಕ್ಕೆ 5, ಸರಳ ಅಂತ್ಯದಾಟಗಳಿಗೆ 5, ಕೆಲವು ಆರಂಭದ ನಡೆಗಳಿಗೆ 10, ಕಾಯಿಗಳ ಸಂಯೋಜಿತ ದಾಳಿಗೆ 20, ಸ್ಥಾನಬಲದ ಆಟಕ್ಕೆ 40. ಉಳಿದ 120 ಗಂಟೆ ಆಡುವುದಕ್ಕೆ ಮತ್ತು ಆಡಿದ್ದನ್ನು ವಿಶ್ಲೇಷಿಸುವುದಕ್ಕೆ.

ಈ ಹಂಚಿಕೆಯಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಹೊಸಬರು ಅತಿ ಹೆಚ್ಚು ಹೊತ್ತು ಕಳೆಯುವ ಆರಂಭದ ನಡೆಗಳಿಗೆ ಇಲ್ಲಿರುವುದು ಇಪ್ಪತ್ತರಲ್ಲಿ ಒಂದು ಪಾಲು. ಸ್ವತಃ ಆಡಿ, ಹಿಂದಿರುಗಿ ನೋಡುವುದಕ್ಕೆ ಇರುವುದು ಐದರಲ್ಲಿ ಮೂರು ಪಾಲು. ಬಿಡಿ ಬಿಡಿ ಸಂಗತಿಗಳನ್ನು ನೆನಪಿನಲ್ಲಿ ತುಂಬಿಕೊಳ್ಳುವುದನ್ನು ಲಾಸ್ಕರ್ ಒಪ್ಪಲಿಲ್ಲ. ವಿಧಾನ ತಿಳಿದಿದ್ದರೆ ಹೊಸ ಸನ್ನಿವೇಶವನ್ನೂ ಎದುರಿಸಬಹುದು ಎಂಬುದು ಅವರ ನಿಲುವು.

ಈ ನಿಲುವಿನ ಪರೀಕ್ಷೆ ಅವರ ಬದುಕಿನಲ್ಲೇ ನಡೆಯಿತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಆಸ್ತಿ ಕಳೆದುಕೊಂಡು, ಪತ್ನಿ ಮಾರ್ತಾ ಅವರೊಂದಿಗೆ ದೇಶ ಬಿಟ್ಟರು. 1925ರ ನಂತರ ಒಂಬತ್ತು ವರ್ಷ ದೊಡ್ಡ ಪಂದ್ಯಗಳಿಂದ ದೂರವಿದ್ದವರು ಜೀವನೋಪಾಯಕ್ಕಾಗಿ ಮತ್ತೆ ಆಡಬೇಕಾಯಿತು. 1935ರಲ್ಲಿ, 66ರ ವಯಸ್ಸಿನಲ್ಲಿ, ಮಾಸ್ಕೋ ಪಂದ್ಯಾವಳಿಯಲ್ಲಿ ಒಂದು ಆಟವನ್ನೂ ಸೋಲದೆ ಮೂರನೆಯ ಸ್ಥಾನ ಪಡೆದರು. ಮೊದಲಿಬ್ಬರಿಗಿಂತ ಅವರಿಗೆ ಕಡಿಮೆಯಾದದ್ದು ಅರ್ಧ ಅಂಕ ಮಾತ್ರ. 1937ರಲ್ಲಿ ಅಮೆರಿಕಕ್ಕೆ ಹೋದರು. 1941ರ ಜನವರಿ 11ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಚದುರಂಗ ಕಲಿಸುವ ಅವಕಾಶ ಸಿಕ್ಕ ಪ್ರಶಿಕ್ಷಣಾರ್ಥಿಯು ಈ ಹಂಚಿಕೆಯನ್ನು ಒಂದು ಅವಧಿಗೆ ಹೊಂದಿಸಿಕೊಳ್ಳಬಹುದು. 45 ನಿಮಿಷಗಳಲ್ಲಿ ಮೊದಲ 10 ನಿಮಿಷ ಒಂದೇ ಅಂತ್ಯದಾಟ, ಉದಾಹರಣೆಗೆ ರಾಜ ಮತ್ತು ಆನೆಯಿಂದ ಒಂಟಿ ರಾಜನಿಗೆ ಚೆಕ್‌ಮೇಟ್ ಕೊಡುವುದು. ಫಲಕದಲ್ಲಿ ಮೂರೇ ಕಾಯಿಗಳಿರುವುದರಿಂದ ಪ್ರತಿ ಕಾಯಿಯ ಬಲ ಮಗುವಿಗೆ ಸ್ಪಷ್ಟವಾಗಿ ಕಾಣುತ್ತದೆ. ನಂತರ 20 ನಿಮಿಷ ಜೋಡಿಗಳಲ್ಲಿ ಆಟ, ನಡೆಗಳನ್ನು ಬರೆದಿಡುತ್ತಾ. ಕೊನೆಯ 15 ನಿಮಿಷ ವಿಶ್ಲೇಷಣೆ. ಆಗ ಸರಿಯಾದ ನಡೆಯನ್ನು ನಾವೇ ಹೇಳಿಬಿಡದೆ ಮೂರು ಪ್ರಶ್ನೆ ಕೇಳೋಣ: ಎದುರಾಳಿಯ ನಡೆಯ ಉದ್ದೇಶವೇನಿತ್ತು? ನಿನ್ನ ಯಾವ ಕಾಯಿಗೆ ಬೆಂಬಲವಿರಲಿಲ್ಲ? ಯಾವ ಕಾಯಿ ಕೆಲಸವಿಲ್ಲದೆ ನಿಂತಿತ್ತು?

ನಮ್ಮ ಅಭ್ಯಾಸ ಪಾಠಗಳಿಗೂ ಇದೇ ಅಳತೆ ಹೊಂದುತ್ತದೆ. ಪಾಠಯೋಜನೆಯನ್ನು ಅಂದವಾಗಿ ಬರೆಯುವುದಕ್ಕೆ ರಾತ್ರಿಯೆಲ್ಲ ಕಳೆದು, ಪಾಠದ ನಂತರದ ಚರ್ಚೆಯನ್ನು ಐದು ನಿಮಿಷಕ್ಕೆ ಮುಗಿಸುವವನು ಆರಂಭದ ನಡೆಗಳನ್ನಷ್ಟೇ ಕಲಿಯುತ್ತಿರುತ್ತಾನೆ. ಮಕ್ಕಳು ಯಾವ ಪ್ರಶ್ನೆಗೆ ಸುಮ್ಮನಾದರು, ಯಾವ ಹಂತದಲ್ಲಿ ಗಮನ ಚದುರಿತು ಎಂದು ಮಾರ್ಗದರ್ಶಕರೊಂದಿಗೆ ಕುಳಿತು ಹುಡುಕಿದ ಹೊತ್ತು ಮುಂದಿನ ತರಗತಿಯಲ್ಲಿ ಕೈಹಿಡಿಯುತ್ತದೆ.