ಅಕ್ಷರವೇ ಮೊದಲ ಬಿಡುಗಡೆ: ಫ್ರೆಡರಿಕ್ ಡಗ್ಲಾಸ್

ಅಮೆರಿಕದ ಅಂತರ್ಯುದ್ಧ ಎಂದೊಡನೆ ಎಲ್ಲರಿಗೂ ಅಬ್ರಹಾಂ ಲಿಂಕನ್ ನೆನಪಾಗುತ್ತಾರೆ. ಆ ಪಾಠ ಮಾಡುವಾಗಲೆಲ್ಲ ನಾನು ಫ್ರೆಡರಿಕ್ ಡಗ್ಲಾಸರ ಕಥೆಯನ್ನೂ ಹೇಳುತ್ತಿದ್ದೆ. ಮನೆಯಲ್ಲಿ ಮೊದಲಿಗರಾಗಿ ಅಕ್ಷರ ಕಲಿತ ಮಕ್ಕಳಿಗೆ ಅದು ಬೇಗ ನಾಟುತ್ತಿತ್ತು.

ಡಗ್ಲಾಸ್ 1818ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿದರು. ಹುಟ್ಟಿದ ದಿನ ಯಾವುದೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಾಲ್ಟಿಮೋರಿನಲ್ಲಿ ಕೆಲಸಕ್ಕಿದ್ದ ಮನೆಯ ಯಜಮಾನಿ ಹುಡುಗನಿಗೆ ಅಕ್ಷರ ಕಲಿಸತೊಡಗಿದಳು. ಓದು ಬಂದವನು ಗುಲಾಮನಾಗಿ ಉಳಿಯುವುದಿಲ್ಲವೆಂದು ಯಜಮಾನ ಅದನ್ನು ನಿಲ್ಲಿಸಿದ. ಅಕ್ಷರಕ್ಕಿರುವ ಶಕ್ತಿ ಹುಡುಗನಿಗೆ ತಿಳಿದದ್ದು ಆಗಲೇ. ಬೀದಿಯ ಬಿಳಿಯ ಹುಡುಗರಿಗೆ ತನ್ನ ಬ್ರೆಡ್ಡು ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡ.

1838ರಲ್ಲಿ ನಾವಿಕನ ವೇಷ ಧರಿಸಿ, ಬೇರೊಬ್ಬರ ಗುರುತಿನ ಪತ್ರ ಹಿಡಿದು, ರೈಲು ಹತ್ತಿ ಉತ್ತರದ ರಾಜ್ಯಗಳಿಗೆ ತಪ್ಪಿಸಿಕೊಂಡರು. 1845ರಲ್ಲಿ ಆತ್ಮಕಥೆ ಬರೆದರು. 1847ರಲ್ಲಿ ಸ್ವಂತ ಪತ್ರಿಕೆ ಹೊರಡಿಸಿದರು.

1861ರಲ್ಲಿ ಯುದ್ಧ ಶುರುವಾದಾಗ ಒಕ್ಕೂಟವನ್ನು ಉಳಿಸುವುದಷ್ಟೇ ಸರ್ಕಾರದ ಗುರಿಯಾಗಿತ್ತು. ಗುಲಾಮಗಿರಿಯೂ ಅಳಿಯಬೇಕು, ಕಪ್ಪು ಜನರೂ ಸೈನ್ಯ ಸೇರಬೇಕು ಎಂದು ಡಗ್ಲಾಸ್ ಪಟ್ಟು ಹಿಡಿದರು. 1863ರ ಜನವರಿ 1ರಂದು ಲಿಂಕನ್ ವಿಮೋಚನಾ ಘೋಷಣೆ ಹೊರಡಿಸಿದರು. ಡಗ್ಲಾಸ್ ಊರೂರು ತಿರುಗಿ ಸೈನಿಕರನ್ನು ಸೇರಿಸಿದರು. ತಮ್ಮ ಇಬ್ಬರು ಗಂಡುಮಕ್ಕಳನ್ನೂ ಕಳಿಸಿದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸೈನಿಕನಿಗೆ ಕಡಿತ ಕಳೆದು 7 ಡಾಲರ್ ಮಾತ್ರ ಸಿಗುತ್ತಿತ್ತು. ಈ ಅನ್ಯಾಯವನ್ನು ಅವರು ನೇರವಾಗಿ ಲಿಂಕನ್ ಮುಂದೆಯೇ ಇಟ್ಟರು. 1864ರಲ್ಲಿ ಸಂಸತ್ತು ಸಮಾನ ವೇತನಕ್ಕೆ ಒಪ್ಪಿತು.

1865ರ 13ನೇ ತಿದ್ದುಪಡಿ ಇಡೀ ದೇಶದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. 1870ರ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಮತದ ಹಕ್ಕು ಕೊಟ್ಟಿತು. ಅದೇ ವರ್ಷ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಸೆನೆಟ್ಟಿನ ಮೊದಲ ಕಪ್ಪು ಸದಸ್ಯರಾದರು. ಆದರೆ 1877ರ ಹೊತ್ತಿಗೆ ಕೇಂದ್ರ ಸರ್ಕಾರ ದಕ್ಷಿಣದ ಮೇಲಿನ ಹಿಡಿತ ಬಿಟ್ಟಿತು. 1890ರಲ್ಲಿ ಅದೇ ಮಿಸಿಸಿಪ್ಪಿ ಮತದಾರರಿಗೆ ತಲೆಗಂದಾಯ ಮತ್ತು ಓದಿನ ಪರೀಕ್ಷೆ ವಿಧಿಸಿತು. ಹಿಂದೆ ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ತಡೆದ ಸಮಾಜ, ಈಗ ಅಕ್ಷರ ಬರುವುದಿಲ್ಲವೆಂದು ಅವರ ಮತವನ್ನೇ ಕಿತ್ತುಕೊಂಡಿತು.

ಡಗ್ಲಾಸ್ ಇದನ್ನೂ ಕಣ್ಣಾರೆ ಕಂಡರು, ಆದರೂ ಸುಮ್ಮನೆ ಕೂರಲಿಲ್ಲ. 1895ರ ಫೆಬ್ರವರಿ 20ರಂದು ಮಹಿಳೆಯರ ಸಭೆಯೊಂದಕ್ಕೆ ಹೋಗಿ ಮನೆಗೆ ಬಂದ ಸಂಜೆಯೇ ತೀರಿಕೊಂಡರು. ಕಾನೂನು ಕೊಟ್ಟ ಹಕ್ಕನ್ನು ಪ್ರತಿ ತಲೆಮಾರೂ ಕಾಯಬೇಕು. ಓದಲು ಬರೆಯಲು ಬಲ್ಲವರ ಮೇಲೆ ಆ ಹೊಣೆ ಹೆಚ್ಚು ಎಂದು ನಾನು ಅವರ ಬಾಳಿನಿಂದ ತಿಳಿದೆ.