ಕಬ್ಬಿಣದ ನೇಗಿಲಿನಿಂದ ಭೂಮಿಗೆ ವಿಷ ಏರುತ್ತದೆಯೇ? ಡ್ರಾಯಿಂಗ್ ಮಾಸ್ತರ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಕಥೆ

ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲೂ ಸುಳ್ಳು ಸುದ್ದಿ ಊರಿಂದ ಊರಿಗೆ ಹೋಗುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೆಳಗಾವಿ ಭಾಗದ ರೈತರಲ್ಲಿ ಅಂಥದ್ದೊಂದು ನಂಬಿಕೆ ಇತ್ತು: ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷ ಏರುತ್ತದೆ. ಇದರಿಂದಾಗಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ತಯಾರಿಸಿದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಯಾರು ಈ ಲಕ್ಷ್ಮಣರಾವ್?

ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆಯ ಹುಚ್ಚು ಅವರನ್ನು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಕರೆದೊಯ್ಯಿತು. ಅಲ್ಲಿ ಅವರಿಗೆ ಭಾಗಶಃ ಬಣ್ಣಗುರುಡು ಇರುವುದು ಗೊತ್ತಾಯಿತು. ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು, ಅಂದರೆ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ಬಡ್ತಿ ಕೈತಪ್ಪಿದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣ ರಾಮಚಂದ್ರರಾವ್ ಜೊತೆ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ನೇಗಿಲಿಗೆ ಕೈ ಹಾಕಿದರು.

ವಿಷದ ಮಾತು ನಿಜವೇ?

ಅಲ್ಲ. ನಮ್ಮ ಶಲವಡಿಯ ಎರಿಹೊಲವನ್ನೇ ತೆಗೆದುಕೊಳ್ಳಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಶೇ 1ರಷ್ಟೇ ಎಂದು ಹಿಡಿದರೂ 9 ಟನ್ ಆಯಿತು. ನೇಗಿಲು ಸವೆದು ಮಣ್ಣಿಗೆ ಸೇರುವುದು ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಕಬ್ಬಿಣ ಬೆಳೆಗೆ ಬೇಕಾದ ಪೋಷಕಾಂಶವೂ ಹೌದು. ಇಷ್ಟಕ್ಕೂ ಮರದ ರಂಟೆಯ ತುದಿಗೆ ಕೂರಿಸುತ್ತಿದ್ದ ಕುಳ ಕಬ್ಬಿಣದ್ದೇ!

ಹಾಗಂತ ರೈತರು ದಡ್ಡರಾಗಿರಲಿಲ್ಲ. ಎತ್ತುಗಳಿಗೆ ಭಾರವಾದರೆ? ಮುರಿದರೆ ರಿಪೇರಿ ಯಾರು ಮಾಡುತ್ತಾರೆ? ಈ ಪ್ರಶ್ನೆಗಳು ನ್ಯಾಯವಾದವು. ಮರದ ರಂಟೆಯನ್ನು ಊರ ಬಡಿಗೇರ ಕಣ್ಣಳತೆಯಲ್ಲೇ ಕೂರಿಸಿಕೊಡುತ್ತಿದ್ದ. ಕಾರ್ಖಾನೆಯ ನೇಗಿಲಿನ ಭಾಗ ಸವೆದರೆ, ಬೇರೆ ದಿನ, ಬೇರೆಯವರ ಕೈಯಲ್ಲಿ ತಯಾರಾದ ಭಾಗ ಅಲ್ಲಿ ಸರಿಯಾಗಿ ಕೂರಬೇಕು.

ಡ್ರಾಯಿಂಗ್ ಕೆಲಸಕ್ಕೆ ಬರುವುದು ಇಲ್ಲೇ

ಯಾವ ವಸ್ತುವನ್ನೂ ನಿಖರ ಅಳತೆಗೆ ಮಾಡಲು ಆಗುವುದಿಲ್ಲ. ಅದಕ್ಕೇ ಡ್ರಾಯಿಂಗಿನಲ್ಲಿ ಅಳತೆಯ ಜೊತೆ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂದೂ ಬರೆಯುತ್ತಾರೆ. ಇದೇ ಟಾಲರೆನ್ಸ್. ಇದು ಬಿಗಿಯಾದಷ್ಟೂ ಗುಣಮಟ್ಟ ಹೆಚ್ಚು ಎಂಬುದು ಇನ್ನೊಂದು ತಪ್ಪು ನಂಬಿಕೆ. ಬೇಡದ ಕಡೆ ಬಿಗಿ ಮಾಡಿದರೆ ಖರ್ಚು ಏರುತ್ತದೆ, ಅಷ್ಟೇ.

ಅಳತೆ ಹಾಕುವ ವಿಧಾನವೂ ಮುಖ್ಯ. ಒಂದು ಪಟ್ಟಿಯಲ್ಲಿ 50 ಮಿ.ಮೀ.ಗೆ ಒಂದರಂತೆ ಮೂರು ತೂತು ಬೇಕು, ಪ್ರತಿ ಅಳತೆಗೂ 0.5 ಮಿ.ಮೀ. ಹೆಚ್ಚುಕಡಿಮೆ ನಡೆಯುತ್ತದೆ ಎನ್ನಿ. ತುದಿಯಿಂದ ಮೊದಲ ತೂತು, ಅದರಿಂದ ಎರಡನೆಯದು ಎಂದು ಸರಪಳಿಯಂತೆ ಅಳೆದರೆ ಮೂರನೆಯದರ ಜಾಗ 1.5 ಮಿ.ಮೀ.ವರೆಗೂ ತಪ್ಪಬಹುದು. ಮೂರನ್ನೂ ಒಂದೇ ತುದಿಯಿಂದ ಅಳೆದರೆ ತಪ್ಪು 0.5 ದಾಟುವುದಿಲ್ಲ.

ಹೊಸ ಚಿಹ್ನೆ ಎಂದರೆ ಇಂದಿಗೂ ಭಯ

1940ರ ಹೊತ್ತಿಗೆ ಸ್ಕಾಟ್ಲೆಂಡಿನ ಟಾರ್ಪಿಡೊ ಕಾರ್ಖಾನೆಯ ಸ್ಟ್ಯಾನ್ಲಿ ಪಾರ್ಕರ್ ಒಂದು ಹೆಜ್ಜೆ ಮುಂದೆ ಹೋದರು. ತೂತಿನ ಕೇಂದ್ರ ಎಡಬಲಕ್ಕೂ ಮೇಲೆಕೆಳಗೂ 0.1 ಮಿ.ಮೀ. ಸರಿಯಬಹುದು ಎಂದರೆ ಅದಕ್ಕೆ ಸಿಗುವ ಜಾಗ ಚೌಕ. ಚೌಕದ ಮೂಲೆ ನಡುವಿನಿಂದ 0.14 ಮಿ.ಮೀ. ದೂರ. ಮೂಲೆಯಲ್ಲಿ ಅಷ್ಟು ಸರಿದದ್ದು ಪಾಸಾದರೆ, ನೇರಕ್ಕೆ ಅಷ್ಟೇ ಸರಿದದ್ದು ಫೇಲ್ ಏಕೆ? ಚೌಕದ ಬದಲು ಮೂಲೆಗಳನ್ನು ಮುಟ್ಟುವ ವೃತ್ತ ಕೊಟ್ಟರೆ ಶೇ 57ರಷ್ಟು ಹೆಚ್ಚು ಜಾಗ ಸಿಗುತ್ತದೆ. ತೂತು ಕೊರೆಯುವವನಿಗೆ ಇದು ಲಾಭ.

ಆದರೂ ಇಂಥ ಚಿಹ್ನೆ ಕಂಡ ಕೂಡಲೇ ದರ ಏರಿಸುವ, ಹಳೆಯ ರೀತಿಯಲ್ಲೇ ಬರೆದುಕೊಡಿ ಎನ್ನುವ ಜಾಬ್‌ವರ್ಕ್ ವರ್ಕ್‌ಶಾಪ್‌ಗಳಿವೆ. ಅವರ ಹಿಂಜರಿಕೆಯಲ್ಲೂ ಅರ್ಧ ನ್ಯಾಯವಿದೆ: ಅದನ್ನು ಪರೀಕ್ಷಿಸಲು ಗೇಜ್ ಬೇಕು, ಓದಲು ಬರುವವರು ಬೇಕು. ಉಳಿದರ್ಧ, ನೇಗಿಲಿನ ವಿಷದಂತೆ, ಹೊಸದರ ಭಯ. ಖರೀದಿಸುವವರು ಎದುರು ಕುಳಿತು ಒಂದು ಭಾಗವನ್ನು ಅಳೆದು ತೋರಿಸಿದರೆ ಅದು ಕಳೆಯುತ್ತದೆ. ಬರೀ ಡ್ರಾಯಿಂಗ್ ಕಳಿಸಿದರೆ ಕಳೆಯುವುದಿಲ್ಲ.

ಕೊನೆಗೆ ಏನಾಯಿತು?

ಲಕ್ಷ್ಮಣರಾವ್ ನೇಗಿಲು ಬಿಡಲಿಲ್ಲ. ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗ ತೆರವು ಮಾಡಬೇಕಾದಾಗ ಔಂಧ್ ಸಂಸ್ಥಾನದ ರಾಜರು ನೆರವಾದರು. 1910ರಲ್ಲಿ ಕುಂಡಲ ರೋಡ್ ರೈಲು ನಿಲ್ದಾಣದ ಬಳಿಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅದು ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಕಬ್ಬಿಣದ ನೇಗಿಲು ವಿಷ ಎಂಬ ಮಾತು ಹಳೆಯ ಕಥೆಯಾಗಿತ್ತು.

ಹೊಸ ಬೀಜ, ಹೊಸ ಲಸಿಕೆ, ಹೊಸ ಯಂತ್ರ ವಿಷ ಎನ್ನುವ ಫಾರ್ವರ್ಡ್ ನಿಮಗೆ ಬಂದರೆ ಮುಂದೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಯಾರಾದರೂ ಅಳೆದು ನೋಡಿದ್ದಾರೆಯೇ?