ಇಂಗ್ಲಿಷಿಗೆ ದಾರಿ ತೋರಿದ ಡೆನ್ಮಾರ್ಕಿನ ಮೇಷ್ಟ್ರು

ಇಂಗ್ಲಿಷ್ ಭಾಷೆಗೆ ಏಳು ಸಂಪುಟಗಳ ವ್ಯಾಕರಣ ಬರೆದ ಒಟ್ಟೊ ಯೆಸ್ಪರ್ಸನ್ ಇಂಗ್ಲೆಂಡಿನವರಲ್ಲ. ಅವರ ಮನೆಮಾತು ಡೇನಿಶ್. ನಮ್ಮ ಹಾಗೆಯೇ ಅವರೂ ಇಂಗ್ಲಿಷನ್ನು ಪರಭಾಷೆಯಾಗಿ ಕಲಿತವರು. ಕನ್ನಡ ಮಾಧ್ಯಮದಲ್ಲಿ ಓದಿ, ಪದವಿ ಮುಗಿಸಿ, ಈಗ ಬ್ಯಾಂಕ್ ಪರೀಕ್ಷೆಗಳಿಗೆ ತಯಾರಿ ನಡೆಸುತ್ತಿರುವ ನನಗೆ ಈ ಒಂದು ಸಂಗತಿಯೇ ದೊಡ್ಡ ಧೈರ್ಯ ಕೊಟ್ಟಿತು. ಗ್ರಂಥಾಲಯದಲ್ಲಿ ಅವರ ಒಂದು ಪುಸ್ತಕ ಸಿಕ್ಕ ಮೇಲೆ ಅವರ ಬದುಕಿನ ಬಗ್ಗೆಯೂ ಹುಡುಕಿ ಓದಿದೆ. ನನ್ನಂತೆಯೇ ಕೆಲಸಕ್ಕಾಗಿ ಓದುತ್ತಿರುವ ಗೆಳೆಯ ಗೆಳತಿಯರಿಗೂ ಅದು ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಯೆಸ್ಪರ್ಸನ್ ಹುಟ್ಟಿದ್ದು 1860ರ ಜುಲೈ 16ರಂದು, ಡೆನ್ಮಾರ್ಕಿನ ರಾಂಡರ್ಸ್ ಎಂಬ ಊರಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಶಾಲಾ ದಿನಗಳಲ್ಲೇ ತಮ್ಮ ನಾಡಿನ ಹಿರಿಯ ಭಾಷಾ ವಿದ್ವಾಂಸ ರಾಸ್ಮುಸ್ ರಾಸ್ಕ್ ಬರೆದ ವ್ಯಾಕರಣಗಳನ್ನು ಹಿಡಿದು ಒಬ್ಬರೇ ಕೂತು ಬೇರೆ ಬೇರೆ ಭಾಷೆ ಕಲಿಯುವ ಹುಚ್ಚು ಹತ್ತಿತ್ತು. ಆದರೆ ಮನೆತನದ ವೃತ್ತಿ ಕಾನೂನು. ಹಾಗಾಗಿ 1877ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದರು. ನಾಲ್ಕು ವರ್ಷ ಓದಿದ ಮೇಲೆ, 1881ರಲ್ಲಿ, ಅದನ್ನು ಅರ್ಧಕ್ಕೇ ಬಿಟ್ಟು ಪೂರ್ತಿಯಾಗಿ ಭಾಷೆಗಳ ಕಡೆ ಹೊರಳಿದರು. ಹೊಟ್ಟೆಪಾಡಿಗೆ ಡೆನ್ಮಾರ್ಕಿನ ಸಂಸತ್ತಿನಲ್ಲಿ ಶೀಘ್ರಲಿಪಿಕಾರರಾಗಿ ದುಡಿದರು, ಶಾಲೆಯಲ್ಲಿ ಅರೆಕಾಲಿಕ ಪಾಠ ಹೇಳಿದರು. 1887ರಲ್ಲಿ ಫ್ರೆಂಚ್ ಮುಖ್ಯ ವಿಷಯವಾಗಿ, ಇಂಗ್ಲಿಷ್ ಮತ್ತು ಲ್ಯಾಟಿನ್ ಉಪವಿಷಯಗಳಾಗಿ ಸ್ನಾತಕೋತ್ತರ ಪದವಿ ಪಡೆದರು. 1893ರಲ್ಲಿ ಅದೇ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕರಾದರು. 1925ರವರೆಗೂ ಅಲ್ಲೇ ಪಾಠ ಮಾಡಿದರು. ಪಾರ್ಟ್‌ಟೈಮ್ ಕೆಲಸ ಮಾಡಿಕೊಂಡು ಓದುತ್ತಿರುವವರು ಈ ಸಾಲುಗಳನ್ನು ಇನ್ನೊಮ್ಮೆ ಓದಬಹುದು.

ನಿಘಂಟಿನಲ್ಲಿ ಇಂಗ್ಲಿಷ್ ಪದದ ಪಕ್ಕ ಉಚ್ಚಾರಣೆ ತೋರಿಸುವ ವಿಚಿತ್ರ ಅಕ್ಷರಗಳನ್ನು ನಾವೆಲ್ಲ ನೋಡಿದ್ದೇವೆ. ಎಲ್ಲ ಭಾಷೆಗಳಿಗೂ ಹೊಂದುವ ಅಂಥ ಒಂದು ಅಕ್ಷರಮಾಲೆ ಬೇಕೆಂದು 1886ರಲ್ಲಿ ಫ್ರಾನ್ಸಿನ ಪಾಲ್ ಪಾಸಿ ಅವರಿಗೆ ಪತ್ರ ಬರೆದು ಸೂಚಿಸಿದವರು ಯೆಸ್ಪರ್ಸನ್. ಆಗ ಅವರಿನ್ನೂ ವಿದ್ಯಾರ್ಥಿ. ಬಿಡಿ ಬಿಡಿ ವಾಕ್ಯಗಳನ್ನು ಉರುಹೊಡೆಸುವುದನ್ನು ಬಿಟ್ಟು, ಅರ್ಥವಿರುವ ಮಾತು ಮತ್ತು ಓದಿನ ಮೂಲಕ ಭಾಷೆ ಕಲಿಸಬೇಕೆಂದು ವಾದಿಸಿ ಒಂದು ಪುಸ್ತಕವನ್ನೇ ಬರೆದರು.

ನನಗೆ ಅವರಿಂದ ಆದ ದೊಡ್ಡ ಲಾಭ ಬೇರೆ. ಅದು ‘ಇಟ್ ಈಸ್’ ಎಂದು ಶುರುವಾಗುವ ವಾಕ್ಯಗಳದ್ದು. ಕನ್ನಡದಲ್ಲಿ ‘ಕೆಲಸ ಸಿಗುವುದು ತುಂಬಾ ಕಷ್ಟ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಇಟ್ ಈಸ್ ವೆರಿ ಡಿಫಿಕಲ್ಟ್ ಟು ಗೆಟ್ ಎ ಜಾಬ್’ ಎನ್ನಬೇಕು. ಇಲ್ಲಿ ‘ಇಟ್’ ಅಂದರೆ ಯಾರು, ಯಾವುದು? ಯಾವುದೂ ಅಲ್ಲ. ಯೆಸ್ಪರ್ಸನ್ ವಿವರಣೆಯ ಪ್ರಕಾರ ನಿಜವಾದ ವಿಷಯ ವಾಕ್ಯದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಜಾಗ ಹಿಡಿಯುವುದು ಮಾತ್ರ ‘ಇಟ್’ ಕೆಲಸ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುತ್ತೇವಲ್ಲ, ಹಾಗೆ. ‘ಇಟ್ ಈಸ್ ಕೋಲ್ಡ್’ ಎಂಬಂಥ ಹವಾಮಾನದ ಮಾತಿನಲ್ಲಂತೂ ಹಿಂದೆ ಬರುವವರೂ ಇಲ್ಲ, ಬರೀ ಟವೆಲ್ಲೇ.

ಎರಡನೆಯದು ಅವರ ಮೂರು ದರ್ಜೆಗಳ ವಿಚಾರ. ‘ವೆರಿ ಓಲ್ಡ್ ಹೌಸ್’ ಎನ್ನುವಲ್ಲಿ ‘ಹೌಸ್’ ಮೊದಲ ದರ್ಜೆಯ ಪದ. ಅದನ್ನು ವಿವರಿಸುವ ‘ಓಲ್ಡ್’ ಎರಡನೆಯದು. ಆ ‘ಓಲ್ಡ್’ ಎಷ್ಟು ಎಂದು ಹೇಳುವ ‘ವೆರಿ’ ಮೂರನೆಯದು. ನಾಮಪದಕ್ಕೆ ಆತುಕೊಳ್ಳುವುದು ಗುಣವಾಚಕ, ಗುಣವಾಚಕಕ್ಕೆ ಆತುಕೊಳ್ಳುವುದು ಕ್ರಿಯಾವಿಶೇಷಣ. ಇದನ್ನು ಹಿಡಿದುಕೊಂಡು ನಮ್ಮ ಕನ್ನಡವನ್ನು ನೋಡಿದರೆ, ನಮ್ಮವರು ಎಲ್ಲಿ ಎಡವುತ್ತಾರೆ ಎಂಬುದು ಸ್ಪಷ್ಟವಾಗುತ್ತದೆ. ‘ವಿಪರೀತ ಕಷ್ಟ’, ‘ವಿಪರೀತ ಚಳಿ’ ಎನ್ನುತ್ತೇವೆ. ಕನ್ನಡದಲ್ಲಿ ಕಷ್ಟ, ಚಳಿ ಎರಡೂ ನಾಮಪದಗಳು. ಆದ್ದರಿಂದ ‘ವಿಪರೀತ’ ರೂಪ ಬದಲಿಸದೆ ಬಂದು ಕೂರುತ್ತದೆ. ಇಂಗ್ಲಿಷಿನ ‘ಡಿಫಿಕಲ್ಟ್’ ಗುಣವಾಚಕ. ‘ಇಟ್ ಈಸ್ ಕೋಲ್ಡ್’ ಎನ್ನುವಾಗಿನ ‘ಕೋಲ್ಡ್’ ಕೂಡ ಹಾಗೆಯೇ. ಅದಕ್ಕೇ ‘ಇಟ್ ಈಸ್ ಎಕ್ಸ್‌ಟ್ರೀಮ್ ಡಿಫಿಕಲ್ಟ್’ ತಪ್ಪು, ‘ಎಕ್ಸ್‌ಟ್ರೀಮ್ಲಿ ಡಿಫಿಕಲ್ಟ್’ ಸರಿ. ‘ಡಿಫಿಕಲ್ಟಿ’ ಎಂಬ ನಾಮಪದ ಬಂದರೆ ‘ಎಕ್ಸ್‌ಟ್ರೀಮ್’ ಸಾಕು. ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಇಂಥ ಒಂದು ‘ಲಿ’ ಕಾರಣಕ್ಕೆ.

ಇದೇ ಅಚ್ಚಿನಲ್ಲಿ ಇನ್ನೂ ಕೆಲವನ್ನು ಇಟ್ಟು ನೋಡಬಹುದು. ನಮ್ಮ ‘ತುಂಬಾ’ ಎಲ್ಲ ಕಡೆಯೂ ನಡೆಯುತ್ತದೆ, ‘ವೆರಿ’ ನಡೆಯುವುದಿಲ್ಲ. ‘ವೆರಿ ಈಸಿ’ ಸರಿ, ಆದರೆ ಹೋಲಿಸುವಾಗ ‘ವೆರಿ ಈಸಿಯರ್’ ಅಲ್ಲ, ‘ಮಚ್ ಈಸಿಯರ್’. ‘ಇಟ್ ಈಸ್ ವೆರಿ ಲೇಟ್’ ಎಂದರೆ ಬಹಳ ತಡವಾಗಿದೆ ಎಂದಷ್ಟೇ. ‘ಇಟ್ ಈಸ್ ಟೂ ಲೇಟ್ ಟು ಅಪ್ಲೈ’ ಎಂದರೆ ಇನ್ನು ಅರ್ಜಿ ಹಾಕಲು ಆಗದು ಎಂದೇ ಅರ್ಥ. ಮೆಚ್ಚಿಗೆಗೆ ‘ಟೂ ಗುಡ್’ ಎನ್ನುವ ನಮ್ಮ ರೂಢಿ ಸಂದರ್ಶನದಲ್ಲಿ ಬೇರೆ ಅರ್ಥ ಕೊಟ್ಟೀತು. ‘ಇನಫ್’ ಮಾತ್ರ ಗುಣವಾಚಕದ ಹಿಂದೆ ಬರುತ್ತದೆ: ‘ಇಟ್ ಈಸ್ ಈಸಿ ಇನಫ್’. ‘ಇಂಪಾಸಿಬಲ್’ ಪದದಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ. ಅದಕ್ಕೆ ‘ವೆರಿ’ ಬದಲು ‘ಆಲ್‌ಮೋಸ್ಟ್’ ಇಲ್ಲವೇ ‘ಕ್ವೈಟ್’ ಸೇರಿಸುತ್ತಾರೆ. ಪರೀಕ್ಷೆ ಮುಂದೂಡುವ ಸಾಧ್ಯತೆ ತೀರಾ ಕಡಿಮೆ ಎನ್ನಲು ‘ಇಟ್ ಈಸ್ ಹೈಲಿ ಅನ್‌ಲೈಕ್ಲಿ’ ಎಂದು ಶುರು ಮಾಡುತ್ತಾರೆ. ಕೊರೆಯುವ ಚಳಿಗೆ ‘ಹೈಲಿ’ ಒಗ್ಗದು, ಅಲ್ಲಿ ‘ಬಿಟರ್ಲಿ ಕೋಲ್ಡ್’.

ಯಾವ ಪದಕ್ಕೆ ಯಾವ ಪದ ಜೋಡಿ ಎಂಬುದು ಸೂತ್ರದಿಂದ ಬರುವುದಿಲ್ಲ, ಓದಿನಿಂದ ಬರುತ್ತದೆ. ಯೆಸ್ಪರ್ಸನ್ ಮಾಡಿದ್ದೂ ಅದನ್ನೇ. ಇಂಗ್ಲಿಷ್ ಹೀಗಿರಬೇಕು ಎಂದು ಲ್ಯಾಟಿನ್ ವ್ಯಾಕರಣದ ಅಳತೆಕೋಲು ಹಿಡಿದು ಹೇಳಲಿಲ್ಲ. ಇಂಗ್ಲಿಷ್ ಪುಸ್ತಕಗಳನ್ನು ಓದುತ್ತಾ ಹೋದರು, ಗಮನ ಸೆಳೆದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದಿಟ್ಟರು. ದಶಕಗಳ ಕಾಲ ಕೂಡಿಟ್ಟ ಆ ಚೀಟಿಗಳ ಮೇಲೆಯೇ ಅವರ ದೊಡ್ಡ ವ್ಯಾಕರಣ ನಿಂತಿದೆ.

ಅವರು ಹಿಡಿದದ್ದೆಲ್ಲ ಗೆಲ್ಲಲಿಲ್ಲ. ಜಗತ್ತಿನ ಜನರೆಲ್ಲ ಸುಲಭವಾಗಿ ಕಲಿಯಲಿ ಎಂದು 1928ರಲ್ಲಿ ‘ನೋವಿಯಲ್’ ಎಂಬ ಹೊಸ ಭಾಷೆಯನ್ನೇ ಕಟ್ಟಿದರು. ಅದು ಬೇರೂರಲಿಲ್ಲ. ಮೂರು ದರ್ಜೆಗಳ ವಿಚಾರವನ್ನೂ ಮುಂದಿನ ವಿದ್ವಾಂಸರು ಚರ್ಚಿಸಿದ್ದಾರೆ, ತಿದ್ದಿದ್ದಾರೆ. ಆದರೂ ಕಲಿಯುವವರಿಗೆ ಅದು ಕೈಗೆಟಕುವ ಉಪಕರಣ.

ಏಳು ಸಂಪುಟಗಳಲ್ಲಿ ಮೊದಲನೆಯದು ಬಂದದ್ದು 1909ರಲ್ಲಿ. ನಿವೃತ್ತಿಯಾದ ಮೇಲೂ ಕೆಲಸ ನಿಲ್ಲಲಿಲ್ಲ. 1940ರಲ್ಲಿ ಜರ್ಮನಿಯ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿಕೊಂಡಿತು. ಆ ವರ್ಷವೇ ಐದನೇ ಸಂಪುಟ, 1942ರಲ್ಲಿ ಆರನೆಯದು ಹೊರಬಂತು. 1943ರ ಏಪ್ರಿಲ್ 30ರಂದು, 82ನೇ ವಯಸ್ಸಿನಲ್ಲಿ, ರೋಸ್ಕಿಲ್ಡ ಎಂಬ ಊರಿನಲ್ಲಿ ಅವರು ತೀರಿಕೊಂಡರು. ಉಳಿದ ಏಳನೆಯದನ್ನು ನೀಲ್ಸ್ ಹೈಸ್ಲುಂಡ್ ಪೂರ್ಣಗೊಳಿಸಿದರು. ಅದು ಪ್ರಕಟವಾದದ್ದು 1949ರಲ್ಲಿ.

ಇಂಗ್ಲಿಷ್ ಎಂದರೆ ಪಟ್ಟಣದ ಕಾನ್ವೆಂಟಿನಲ್ಲಿ ಓದಿದವರ ಸೊತ್ತು ಎಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಸಂದರ್ಶನದ ಕೊಠಡಿಗೆ ಹೋಗುವ ಮೊದಲೇ ಅರ್ಧ ಜನ ಆ ಅಳುಕಿಗೇ ಸೋಲುತ್ತಾರೆ. ಹುಟ್ಟಿನಿಂದ ಬಾರದ ಭಾಷೆಯನ್ನು ಗಮನವಿಟ್ಟು ನೋಡಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಯೆಸ್ಪರ್ಸನ್ ಇದ್ದಾರೆ. ಅವರ ದಾರಿಗೆ ಕೋಚಿಂಗ್ ಫೀಸು ಬೇಕಿಲ್ಲ. ಗ್ರಂಥಾಲಯದ ಇಂಗ್ಲಿಷ್ ಪತ್ರಿಕೆ ತೆಗೆದುಕೊಂಡು, ‘ಇಟ್ ಈಸ್’ ಎಂದು ಶುರುವಾಗುವ ಐದು ವಾಕ್ಯಗಳನ್ನು ದಿನವೂ ಚೀಟಿಯಲ್ಲಿ ಬರೆದುಕೊಳ್ಳಿ. ಗುಣವಾಚಕಕ್ಕೆ ಒಂದು ಗೆರೆ, ಅದಕ್ಕೆ ಆತುಕೊಂಡ ಕ್ರಿಯಾವಿಶೇಷಣಕ್ಕೆ ಎರಡು ಗೆರೆ ಎಳೆಯಿರಿ. ನಾನು ಮೂರು ತಿಂಗಳಿಂದ ಇದನ್ನು ಮಾಡುತ್ತಿದ್ದೇನೆ. ಬೂಟಿನ ಡಬ್ಬಿಯೊಂದು ತುಂಬುತ್ತಾ ಬಂದಿದೆ.